ಮಿಡಿ ಮತ್ತು ಅಮ್ಮನ ಶ್ರುತಿ

ಮಿಡಿ ಅಂದರೆ ನಮ್ಮ ಸಾಗರದ ಕಡೆಯವರಿಗೆ ಒಂದೇ ಅರ್ಥ: ಅಪ್ಪೆಮಿಡಿ. ಹೊಳೆದಂಡೆಯ ಮರದಿಂದ ತೊಟ್ಟು ಮುರಿಯದಂತೆ ಇಳಿಸಿ, ಉಪ್ಪಿನಲ್ಲಿ ಹಾಕಿ, ವರ್ಷವಿಡೀ ಜೋಪಾನ ಮಾಡುವಂಥದ್ದು. ಹಾಗಾಗಿ ಮಗ ಬೆಂಗಳೂರಿನಿಂದ ಫೋನು ಮಾಡಿ "ಅಮ್ಮಾ, ನಿನಗೊಂದು ಮಿಡಿ ಕಳಿಸಿದ್ದೇನೆ" ಎಂದಾಗ, "ಈ ಮಳೆಗಾಲದಲ್ಲಿ ಎಲ್ಲಿ ಸಿಕ್ಕಿತೋ?" ಎಂದು ಕೇಳಿ ನಗೆಪಾಟಲಾದೆ. ಬಂದದ್ದು ಮೊಳದುದ್ದದ ಒಂದು ಕಪ್ಪು ಹಲಗೆ. 25 ಮನೆಗಳು, ಎಂಟು ನಾಬ್‌ಗಳು, ಎಡಗಡೆಗೆ ಎರಡು ಚಕ್ರ. ಕಂಪ್ಯೂಟರಿಗೆ ಸಿಕ್ಕಿಸಿದರೆ ಮಾತು, ಇಲ್ಲವಾದರೆ ಮೂಕ.

ನನ್ನ ಹಾರ್ಮೋನಿಯಂನ ತಿದಿಯನ್ನು ಅಟ್ಟದ ಇಲಿಗಳು ತಿಂದು ಹಾಕಿದ್ದವು. ಅಮ್ಮನಿಗೆ ಎಂಬತ್ತು ದಾಟಿದೆ. ಅವಳ ಬಾಯಲ್ಲಿರುವ ಹಸೆ ಹಾಡು, ಆರತಿ ಹಾಡುಗಳನ್ನು ನಾನು ಎರಡು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಆದರೆ ಸಾಹಿತ್ಯ ಬರೆದುಕೊಂಡರೆ ಹಾಡು ಬಂದಂತಾಗುತ್ತದೆಯೇ? ಕಳೆದ ವರ್ಷ ಅವಳಿಗೆ ಕೆಮ್ಮು ಹಿಡಿದು ತಿಂಗಳುಗಟ್ಟಲೆ ದನಿ ಬಿದ್ದಿದ್ದಾಗ ನನಗೆ ಗಾಬರಿಯಾಯಿತು. ದನಿ ಮರಳಿದ ಮೇಲೆ ಇನ್ನು ತಡಮಾಡಬಾರದೆಂದು ಮಗನಿಗೆ ಹೇಳಿದ್ದೆ. ಅದರ ಫಲ ಈ ಹಲಗೆ.

ನಾಲ್ಕು ತಿಂಗಳು ಇದರೊಡನೆ ಏಗಿದ್ದೇನೆ. ಒಂದು ಪುಸ್ತಕವನ್ನೋ ನಾಟಕವನ್ನೋ ವಿಮರ್ಶಿಸುವ ಹಾಗೆ ಇದನ್ನೂ ವಿಮರ್ಶಿಸಬಾರದೇಕೆ ಎನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದ್ದು, ಮಿಡಿ ಎಂಬುದು ನಾದವಲ್ಲ. ಯಾವ ಮನೆ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ ಎಂಬ ಚೀಟಿಯಷ್ಟೇ ತಂತಿಯಲ್ಲಿ ಹೋಗುತ್ತದೆ. ಅಡುಗೆ ಮಾಡುವುದು ಕಂಪ್ಯೂಟರು. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಎಂಬಿಬ್ಬರು ಮುಂದಾಗಿ ನಿಂತು, ಒಬ್ಬರ ವಾದ್ಯ ಇನ್ನೊಬ್ಬರ ವಾದ್ಯದೊಡನೆ ಮಾತಾಡಲೆಂದು 1983ರಲ್ಲಿ ಈ ಭಾಷೆಯನ್ನು ಜಾರಿಗೆ ತಂದರು. ಅದಕ್ಕಾಗಿ 2013ರಲ್ಲಿ ಇಬ್ಬರಿಗೂ ಗ್ರ್ಯಾಮಿಯ ತಾಂತ್ರಿಕ ಪ್ರಶಸ್ತಿ ಬಂತು. ಪೈಪೋಟಿಯ ಕಂಪನಿಗಳು ಒಂದೇ ಭಾಷೆಗೆ ಒಪ್ಪಿದವಲ್ಲ, ಅದು ದೊಡ್ಡದು. ನಮ್ಮಲ್ಲಿ ಎರಡು ಮನೆಯವರು ಒಂದು ಬಾಗಿನದ ಪಟ್ಟಿಗೆ ಒಪ್ಪುವುದಿಲ್ಲ.

ಈ ಭಾಷೆಯಲ್ಲಿ ನಾಬ್‌ಗಳಿಗೂ ಚಕ್ರಗಳಿಗೂ ಒಂದೊಂದು ನಂಬರು. ಏಳು ಅಂದರೆ ದನಿಯ ಗಾತ್ರ, 64 ಅಂದರೆ ಕಾಲಿನ ಪೆಡಲು, ಒಂದು ಅಂದರೆ ಎರಡನೆಯ ಚಕ್ರ. ಆ ಎರಡನೆಯ ಚಕ್ರವನ್ನು ಮೇಲೆ ತಳ್ಳಿದೆ, ಹಾರ್ಮೋನಿಯಂ ದನಿ ಚಳಿಜ್ವರ ಬಂದವರ ಹಾಗೆ ನಡುಗಿತು. ಪಾಶ್ಚಾತ್ಯ ಸಂಗೀತಕ್ಕೆ ಅದು ಬೇಕಿರಬಹುದು. ಹಸೆ ಹಾಡಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ನನಗೆ ತೊಂದರೆಯಾದದ್ದು ಬೇರೆ. ನಲವತ್ತು ವರ್ಷ ನನ್ನ ಎಡಗೈ ತಿದಿ ಒತ್ತಿದೆ. ಬಲಗೈ ಸ್ವರ ಹಿಡಿದರೆ ಉಸಿರು ಕೊಡುವುದು ಎಡಗೈ. ಇಲ್ಲಿ ಅದಕ್ಕೆ ಕೆಲಸವೇ ಇಲ್ಲ. ಮದುವೆಮನೆಯಲ್ಲಿ ಕೆಲಸ ಸಿಗದ ದೊಡ್ಡತ್ತೆಯ ಹಾಗೆ ಅತ್ತಿತ್ತ ತಡಕಾಡುತ್ತಿತ್ತು.

ಆಗಲೇ ಮಗ ಫೋನಿನಲ್ಲಿ ಹೇಳಿದ್ದು: "ಯಾವ ಚಕ್ರ ಏನು ಮಾಡಬೇಕು ಅಂತ ನೀನೇ ಹೇಳಬಹುದಮ್ಮಾ. 'ಲರ್ನ್' ಅಂತ ಒಂದು ಗುಂಡಿ ಇದೆ, ಅದನ್ನು ಒತ್ತಿ ಚಕ್ರ ತಿರುಗಿಸು, ಅಷ್ಟೇ." ಅಷ್ಟೇ! ತೆರೆಯ ಮೇಲೆ ದನಿಯ ಗಾತ್ರವನ್ನು ಮುಟ್ಟಿ 'ಲರ್ನ್' ಒತ್ತಿದೆ, ಚಕ್ರ ಅಲ್ಲಾಡಿಸಿದೆ. ನಡುಗಿಸುವ ಕೆಲಸ ಅಳಿಸಿದೆ. ಚಕ್ರ ಮೇಲೆ ಹೋದಂತೆ ದನಿ ಉಬ್ಬಿತು, ಕೆಳಗೆ ಬಂದಂತೆ ಇಳಿಯಿತು. ಎಡಗೈಗೆ ತವರು ಸಿಕ್ಕಿತು.

ನೀವು ಮದುವೆಯಾಗಿ ಹೋದ ಮನೆಯ ಅಡುಗೆಮನೆ ನೆನಪು ಮಾಡಿಕೊಳ್ಳಿ. ಉಪ್ಪಿನ ಭರಣಿ ಅತ್ತೆಯವರು ಇಟ್ಟಲ್ಲೇ ಇರಬೇಕು. ನಿಮ್ಮ ಕೈ ಅಭ್ಯಾಸಬಲದಿಂದ ಎಡಕ್ಕೆ ಹೋದರೆ ಅಲ್ಲಿ ಹುಣಿಸೆಹಣ್ಣು. ಭರಣಿ ಜರುಗಿಸಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಈ ಹಲಗೆ ಮೊದಲ ವಾರವೇ ಬಿಟ್ಟುಕೊಟ್ಟಿತು. ವೀಣೆ, ಕೊಳಲು, ಪಿಟೀಲು ಯಾವುದೂ ತನ್ನ ಯಾವ ಭಾಗ ಏನು ಕೆಲಸ ಮಾಡಬೇಕೆಂದು ನುಡಿಸುವವಳನ್ನು ಕೇಳಿದ್ದಿಲ್ಲ. ಇದು ಕೇಳುತ್ತದೆ. ಇದರ ದೊಡ್ಡ ಗುಣ ಇದೇ.

ಹಾಗೆಂದು ದೋಷಗಳನ್ನು ಮುಚ್ಚಿಡಲಾರೆ. ಚಕ್ರಕ್ಕೆ ಉಸಿರಿಲ್ಲ. ತಿದಿ ಬಿಟ್ಟರೆ ಗಾಳಿ ತೀರಿ ದನಿ ತಾನೇ ಸಾಯುತ್ತದೆ. ಚಕ್ರ ಬಿಟ್ಟಲ್ಲೇ ಕೂತಿರುತ್ತದೆ, ದನಿಯೂ ಅಲ್ಲೇ ಕೂತಿರುತ್ತದೆ. ಇನ್ನು, ನಾನು ಬಳಸುವ ತಂತ್ರಾಂಶದಲ್ಲಿ ಒಂದು ಹಾಡಿಗೆ ಮಾಡಿದ ಹಂಚಿಕೆ ಆ ಹಾಡಿನ ಕಡತದೊಳಗೇ ಉಳಿಯುತ್ತದೆ. ಹೊಸ ಹಾಡು ತೆರೆದರೆ ಮತ್ತೆ ಹೊಸ ಸೊಸೆ. ಬರಿದಾದ ಒಂದು ಕಡತದಲ್ಲಿ ಎಲ್ಲ ಹಂಚಿಕೆ ಮಾಡಿಟ್ಟು, ಪ್ರತಿ ಸಲವೂ ಅದರ ಪ್ರತಿಯಿಂದ ಶುರುಮಾಡಬೇಕೆಂದು ನನಗೆ ತಿಳಿಯುವ ಹೊತ್ತಿಗೆ ಏಳು ಹಾಡಾಗಿತ್ತು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಹಳೆಯದು. ಹಾರ್ಮೋನಿಯಂ ಮೇಲಿದ್ದದ್ದೂ ಅದೇ. ಮನೆಗಳ ನಡುವಿನ ಸ್ವರ ಅದರಲ್ಲಿಲ್ಲ, ಸ್ವರದಿಂದ ಸ್ವರಕ್ಕೆ ಜಾರಲಾರದು ಎಂದು ರೇಡಿಯೋದವರು 1940ರಲ್ಲಿ ಅದನ್ನು ಹೊರಗಿಟ್ಟರು. ಆ ನಿಷೇಧ ಸಡಿಲವಾದದ್ದು 1970ರ ದಶಕದ ಆರಂಭದಲ್ಲಿ. ಪಂಡಿತರ ಜಗಳ ನಮಗೇಕೆ ಎಂದುಕೊಂಡಿದ್ದೆ. ಆದರೆ ಅಮ್ಮನ ಶ್ರುತಿ ಬಿಳಿ ಐದಕ್ಕೂ ಕಪ್ಪು ನಾಲ್ಕಕ್ಕೂ ನಡುವೆ. ಎಲ್ಲಿಂದ ಶುರುಮಾಡಿದರೂ ಅಲ್ಲಿಗೇ ಬಂದು ಕೂರುತ್ತಾಳೆ. ನಾನು ಹಾರ್ಮೋನಿಯಂ ಹಿಡಿದು ಕೂತಾಗಲೆಲ್ಲ, "ಅಮ್ಮಾ, ಸ್ವಲ್ಪ ಏರಿಸು", "ಅಮ್ಮಾ, ಇಳಿಸು" ಎಂದು ಅವಳನ್ನೇ ಜಗ್ಗಿದ್ದೇನೆ. ಅವಳೂ ಪೆಟ್ಟಿಗೆಯದೇ ಸರಿ ಎಂದು ನಂಬಿ ಗಂಟಲು ಬಿಗಿದುಕೊಂಡು ಹಾಡಿದ್ದಾಳೆ. ಆಮೇಲೆ, "ಎಂತದೇ, ನನಗೆ ಶ್ರುತಿಯೇ ನಿಲ್ಲೋದಿಲ್ಲ" ಎಂದು ತನ್ನನ್ನೇ ಬೈದುಕೊಂಡಿದ್ದಾಳೆ.

ಈ ಸಲ ಹಾಗೆ ಮಾಡಬಾರದೆಂದು ಹಟ ತೊಟ್ಟೆ. ಮೊದಲ ಚಕ್ರ ಸ್ವರವನ್ನು ಜಾರಿಸುತ್ತದೆ, ನಿಜ. ಆದರೆ ಕೈಬಿಟ್ಟೊಡನೆ ಸ್ಪ್ರಿಂಗು ಅದನ್ನು ನಡುವಿಗೆ ಎಳೆದುಕೊಳ್ಳುತ್ತದೆ. ಶ್ರುತಿ ನಿಲ್ಲಬೇಕಾದರೆ ನಾಬ್ ಬೇಕು. ತಂಬೂರಿ ದನಿಯ ಸೂಕ್ಷ್ಮ ಶ್ರುತಿಯನ್ನು ಮೂರನೆಯ ನಾಬ್‌ಗೆ ಕೊಟ್ಟೆ. ಅದರಲ್ಲಿ 0ಯಿಂದ 127ರವರೆಗೆ 128 ಮೆಟ್ಟಿಲು. ಅರ್ಧ ಸ್ವರ ಮೇಲಕ್ಕೆ, ಅರ್ಧ ಸ್ವರ ಕೆಳಕ್ಕೆ ಹಂಚಿದರೆ ಒಂದೊಂದು ಮೆಟ್ಟಿಲೂ ಕಿವಿಗೆ ಗೊತ್ತಾಗದಷ್ಟು ಸಣ್ಣದು. ಅಮ್ಮನಿಗೆ ಹೆಡ್‌ಫೋನು ತೊಡಿಸಿ, "ನಿನ್ನ ಪಾಡಿಗೆ ಗುನುಗು" ಎಂದು ಹೇಳಿ ಹಳೆಯ ರೇಡಿಯೋದ ಕಿವಿ ಹಿಂಡಿದ ಹಾಗೆ ನಿಧಾನ ಹಿಂಡುತ್ತಾ ಹೋದೆ. ಒಂದು ಕಡೆ ಅವಳ ದನಿಯೂ ತಂಬೂರಿಯೂ ಒಂದಾದವು. ಅಮ್ಮ ಕಣ್ಣು ಬಿಟ್ಟು, "ಹಾಂ, ಇದು" ಎಂದಳು.

ಹಾಡು ಶುರುವಾಯಿತು. ಮೂರನೆಯ ನುಡಿಗೆ ಬರುವಷ್ಟರಲ್ಲಿ ತಂಬೂರಿಗೆ ಗುಡಿಯೊಳಗಿನ ಹಾಗೆ ಗುಂಯ್‌ಗುಡುವ ಮಾರ್ದನಿ ಜಾಸ್ತಿಯಾಗಿದೆ ಎನ್ನಿಸಿ, ಕಡಿಮೆ ಮಾಡಲು ಕೈ ಮೂರನೆಯ ನಾಬ್‌ಗೆ ಹೋಯಿತು. ಹಿಂದಿನ ಹಾಡುಗಳಲ್ಲಿ ಮಾರ್ದನಿ ಇದ್ದದ್ದು ಅಲ್ಲೇ. ಹೊಸ ಕೆಲಸ ಕೊಟ್ಟರೆ ಹಳೆಯದು ತಾನೇ ಬಿಟ್ಟುಹೋಗುತ್ತದೆಂದು ತಿಳಿದಿದ್ದೆ, ಬಿಟ್ಟಿರಲಿಲ್ಲ. ಒಂದೇ ನಾಬ್‌ಗೆ ಎರಡು ಕೆಲಸ. ಶ್ರುತಿ ಮಾಡುವಾಗ ಮಾರ್ದನಿ ಏರಿದ್ದೂ ಅದಕ್ಕೇ. ಈಗ ಮಾರ್ದನಿ ಇಳಿಯಿತು, ಜೊತೆಗೆ ಶ್ರುತಿಯೂ. ಗೊತ್ತಾಗಿ ಕೈ ತೆಗೆದೆ. ಹಾಡು ಕೆಟ್ಟಿತೆಂದುಕೊಂಡೆ. ಅಮ್ಮ ನಿಲ್ಲಲಿಲ್ಲ. ಕೊನೆಯ ನುಡಿಯವರೆಗೂ ಹಾಡಿ, ಹೆಡ್‌ಫೋನು ತೆಗೆದು, "ಇವತ್ತಿಗೆ ಸಾಕು ಮಾರಾಯ್ತಿ, ಉಸಿರಿಲ್ಲ" ಎಂದು ಒಳಗೆ ಹೋದಳು.

ರಾತ್ರಿ ಅವಳ ದನಿಯನ್ನಷ್ಟೇ ಹಾಕಿ ಕೇಳಿದೆ. ತಂಬೂರಿ ಇಳಿದಲ್ಲಿ ಅವಳೂ ಇಳಿದಿದ್ದಳು. ಅಪಸ್ವರವಿಲ್ಲ, ತಡವರಿಕೆಯಿಲ್ಲ, ಅರ್ಧ ಸಾಲಿನೊಳಗೆ, ಮೆಟ್ಟಿಲಿಳಿಯುವವಳು ಸೀರೆಯ ನೆರಿಗೆ ಎತ್ತಿಕೊಳ್ಳುವಷ್ಟು ಸಹಜವಾಗಿ. ಶ್ರುತಿ ನಿಲ್ಲದವಳಿಗೆ ಇದು ಸಾಧ್ಯವೇ? ಅವಳಿಗಾಗಿ ಯಂತ್ರವನ್ನು ಬಗ್ಗಿಸಿದೆನೆಂದು ನಾನು ಬೀಗುತ್ತಿದ್ದಾಗ ಬಗ್ಗಿದ್ದು ಮತ್ತೆ ಅವಳೇ.

ತಂಬೂರಿಯನ್ನು ಅಳಿಸಿ ಹೊಸದಾಗಿ ಕೂಡಿಸುವುದು ಕಷ್ಟವಲ್ಲ, ಅದು ಬರೀ ಚೀಟಿ. ಮೌಸು ಹಿಡಿದು ಶ್ರುತಿಯ ಗೆರೆಯನ್ನು ಮೂರನೆಯ ನುಡಿಯ ಹತ್ತಿರ ಅಮ್ಮ ಇಳಿದಷ್ಟೇ ಇಳಿಸಿದೆ, ಅವಳು ನಿಂತಲ್ಲಿ ನಿಲ್ಲಿಸಿದೆ. ಬೆಳಿಗ್ಗೆ ಕಾಫಿ ಕುಡಿಯುವಾಗ ಅವಳಿಗೆ ಕೇಳಿಸಿದೆ. ಆ ಜಾಗ ಬಂದಾಗ ಲೋಟ ಕೆಳಗಿಟ್ಟು, "ಇಲ್ಲಿ ನಿನ್ನ ಪೆಟ್ಟಿಗೆ ಜಾರಿತ್ತಲ್ಲ?" ಎಂದು ಕೇಳಿದಳು.

"ಗೊತ್ತಾಗಿತ್ತಾ? ಮತ್ತೆ ನಿಲ್ಲಿಸಲಿಲ್ಲ ಯಾಕೆ?"

"ನೀನು ಗಾಬರಿಯಾಗಿದ್ದೆ," ಎಂದು ಅಮ್ಮ ಲೋಟ ಎತ್ತಿಕೊಂಡಳು.