‘ಆಗು’, ‘ಅಲ್ಲ’ ಮತ್ತು ಸಮಚಿಹ್ನೆ: ಒಂದು ತಪ್ಪಿನ ಭಾಷಾವೈಜ್ಞಾನಿಕ ವಿಮರ್ಶೆ

ಸಿ, ಸಿ++ ಮೊದಲಾದ ಗಣಕಭಾಷೆಗಳನ್ನು ಹೊಸದಾಗಿ ಕಲಿಯುವವರು ‘=’ ಮತ್ತು ‘==’ ಚಿಹ್ನೆಗಳನ್ನು ಒಂದರ ಬದಲು ಇನ್ನೊಂದಾಗಿ ಬಳಸುವುದು ಬೋಧಕರೆಲ್ಲರೂ ಬಲ್ಲ ತಪ್ಪು. ಮೊದಲನೆಯದು ನಿಯೋಜನೆಯ ಚಿಹ್ನೆ. ಅದು ಒಂದು ಚರಕ್ಕೆ ಬೆಲೆಯನ್ನು ಕೊಡುತ್ತದೆ. ಎರಡನೆಯದು ಹೋಲಿಕೆಯ ಚಿಹ್ನೆ. ಅದು ಎರಡು ಬೆಲೆಗಳು ಒಂದೇ ಹೌದೋ ಅಲ್ಲವೋ ಎಂದು ಕೇಳುತ್ತದೆ. ಇಂಗ್ಲಿಷೇತರ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಈ ತಪ್ಪನ್ನು ಮಾಡಿದಾಗ ಅದರ ಕಾರಣವನ್ನು ಅವನ ಮನೆಮಾತಿನಲ್ಲಿ ಹುಡುಕುವ ರೂಢಿಯೊಂದುಂಟು. ಇಂಗ್ಲಿಷ್ ಬಾರದವನಿಗೆ ತರ್ಕವೂ ಹಿಡಿಯದು ಎಂಬುದು ಈ ರೂಢಿಯ ಒರಟು ರೂಪ. ದ್ರಾವಿಡ ಭಾಷೆಗಳಲ್ಲಿ ಸಂಯೋಜಕ ಕ್ರಿಯಾಪದ ಕಡ್ಡಾಯವಲ್ಲವಾದ್ದರಿಂದ ಸಮತೆಯ ಕಲ್ಪನೆ ಅಲ್ಲಿ ಮಸುಕಾಗಿರುತ್ತದೆ ಎಂಬುದು ಅದರ ವಿದ್ವತ್ತಿನ ರೂಪ. ಮೊದಲನೆಯದಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ. ಎರಡನೆಯದನ್ನು ವ್ಯಾಕರಣದ ಆಧಾರದಿಂದಲೇ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ತಪ್ಪಿನ ಸ್ವರೂಪವನ್ನು ಮೊದಲು ನಿಖರವಾಗಿ ಗುರುತಿಸೋಣ. ಮೂವತ್ತೈದು ಅಂಕ ಪಡೆದವರನ್ನು ಮಾತ್ರ ಪಟ್ಟಿ ಮಾಡಬೇಕೆಂದು ಒಬ್ಬ ವಿದ್ಯಾರ್ಥಿ ‘ಇಫ್ (ಅಂಕ = 35)’ ಎಂದು ಬರೆಯುತ್ತಾನೆ ಎಂದುಕೊಳ್ಳೋಣ. ಸಿ ಭಾಷೆಯಲ್ಲಿ ನಿಯೋಜನೆಗೂ ಒಂದು ಬೆಲೆಯುಂಟು. ಇಲ್ಲಿ ಆ ಬೆಲೆ 35. ಸೊನ್ನೆಯಲ್ಲದ ಬೆಲೆಯೆಲ್ಲವೂ ಸತ್ಯವೆಂದು ಎಣಿಕೆಯಾಗುವುದರಿಂದ ಷರತ್ತು ಯಾವಾಗಲೂ ಈಡೇರುತ್ತದೆ. ಪರಿಣಾಮವಾಗಿ ತರಗತಿಯ ಎಲ್ಲರೂ ಪಟ್ಟಿಗೆ ಸೇರುತ್ತಾರೆ. ಅಷ್ಟೇ ಅಲ್ಲ, ಎಲ್ಲರ ಅಂಕವೂ 35 ಆಗಿಬಿಡುತ್ತದೆ. ಕೇಳಬೇಕಾಗಿದ್ದ ಪ್ರಶ್ನೆ ಆಜ್ಞೆಯಾಗಿ ಮಾರ್ಪಟ್ಟಿದೆ. ಆದ್ದರಿಂದ ಇದನ್ನು ಸಮತೆಯ ಕಲ್ಪನೆಯ ದೋಷವೆನ್ನುವುದು ಸರಿಯಲ್ಲ. ಇದು ವಿಧ್ಯರ್ಥಕ ಮತ್ತು ಪ್ರಶ್ನಾರ್ಥಕಗಳ ಗೊಂದಲ.

ಈ ಗೊಂದಲಕ್ಕೆ ಚಿಹ್ನೆಗಳದೇ ಒಂದು ಚರಿತ್ರೆಯಿದೆ. ರಾಬರ್ಟ್ ರೆಕಾರ್ಡ್ 1557ರಲ್ಲಿ ಸಮಾಂತರ ಗೆರೆಗಳ ಜೋಡಿಯನ್ನು ಸಮತೆಯ ಗುರುತಾಗಿ ಬಳಸಿದಾಗ ಅದು ಹೇಳಿಕೆಯ ಚಿಹ್ನೆಯಾಗಿತ್ತು. 1957ರ ಫೋರ್ಟ್ರಾನ್ ಅದನ್ನು ನಿಯೋಜನೆಗೆ ಒಗ್ಗಿಸಿಕೊಂಡಿತು. ಆಲ್ಗಾಲ್ 60 ಈ ಅಪಾಯವನ್ನು ತಪ್ಪಿಸಿ ನಿಯೋಜನೆಗೆ ‘:=’ ಎಂಬ ಬೇರೆ ಗುರುತನ್ನು ಇಟ್ಟು, ‘=’ ಅನ್ನು ಹೋಲಿಕೆಗೆ ಉಳಿಸಿತು; ಬಿಸಿಪಿಎಲ್ ಕೂಡ ಹಾಗೆಯೇ ನಡೆಯಿತು. ಅದರಿಂದ ಹುಟ್ಟಿದ ಬಿ ಭಾಷೆಯಲ್ಲಿ ಕೆನ್ ಥಾಂಪ್ಸನ್ ಈ ಏರ್ಪಾಡನ್ನು ತಿರುಗುಮುರುಗು ಮಾಡಿದರು. ಹೋಲಿಕೆಗಿಂತ ನಿಯೋಜನೆಯೇ ಹೆಚ್ಚು ಸಲ ಬರುವುದರಿಂದ ಅದರ ಚಿಹ್ನೆ ಚಿಕ್ಕದಿರಲಿ ಎಂಬುದು ಅದರ ಹಿಂದಿನ ಸಮರ್ಥನೆ. ಸಿ ಅದನ್ನೇ ಉತ್ತರಾಧಿಕಾರವಾಗಿ ಪಡೆಯಿತು. ಇದರ ಒಳಗೇ ಇರುವ ಅಸಂಗತಿಯೊಂದನ್ನು ಗಮನಿಸಬೇಕು: ‘==’ ಎಂಬುದರ ನಿಷೇಧ ‘!=’. ಹೋಲಿಕೆಗೆ ಎರಡು ಗುರುತು ಬೇಕೆಂದು ಕಲಿತ ವಿದ್ಯಾರ್ಥಿಗೆ ಅದರ ನಿಷೇಧದಲ್ಲಿಯೂ ‘<=’, ‘>=’ ಗಳಲ್ಲಿಯೂ ಒಂದೇ ಗುರುತು ಕಾಣುತ್ತದೆ. ಬೆರಳಿನ ಶ್ರಮ ಉಳಿಸಲು ಮಾಡಿದ ಆಯ್ಕೆಯ ಹೊರೆಯನ್ನು ಕಲಿಯುವವನ ಮಾತೃಭಾಷೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಈಗ ಕನ್ನಡದ ಸಂಗತಿ. ಕನ್ನಡದ ಪ್ರಧಾನ ವಾಕ್ಯದಲ್ಲಿ ಈ ಎರಡು ಅರ್ಥಗಳು ಬೆರೆಯುವುದೇ ಇಲ್ಲ. ‘ಅಂಕ ಮೂವತ್ತೈದು’ ಎಂಬುದು ಕ್ರಿಯಾಪದವಿಲ್ಲದ ನಾಮವಾಕ್ಯ. ಅದು ಸಮತೆಯನ್ನು ಹೇಳುತ್ತದೆ. ‘ಅಂಕ ಮೂವತ್ತೈದಾಯಿತು’ ಎಂಬುದು ಬದಲಾವಣೆಯನ್ನು ಹೇಳುತ್ತದೆ. ಮೊದಲನೆಯದನ್ನು ಪ್ರಶ್ನೆಯಾಗಿಸಲು ಒಂದು ಪ್ರತ್ಯಯ ಸಾಕು: ‘ಅಂಕ ಮೂವತ್ತೈದೇ?’ ನಿಷೇಧಿಸಲು ‘ಅಲ್ಲ’ ಇದೆ. ಇರುವಿಕೆಯ ನಿಷೇಧವಾದ ‘ಇಲ್ಲ’ ಇದರಿಂದ ಬೇರೆ. ‘ಅಂಕ ಮೂವತ್ತೈದಲ್ಲ’ ಎನ್ನುವವನು ‘ಅಂಕ ಇಲ್ಲ’ ಎಂದು ಹೇಳುತ್ತಿಲ್ಲ. ನಿಯೋಜನೆಯ ವಾಕ್ಯವಾದರೋ ‘ಅಲ್ಲ’ವನ್ನು ಒಪ್ಪುವುದಿಲ್ಲ. ‘ಅಂಕಕ್ಕೆ ಮೂವತ್ತೈದು ಕೊಡು’ ಎಂಬುದರ ನಿಷೇಧ ‘ಕೊಡಬೇಡ’. ಹೀಗೆ ನಾಮವಾಕ್ಯ ಮತ್ತು ‘ಆಗು’, ‘ಅಲ್ಲ’ ಮತ್ತು ‘ಬೇಡ’ ಎಂಬ ಎರಡು ಜೋಡಿಗಳಲ್ಲಿ ಕನ್ನಡವು ಸಿ ಭಾಷೆಯ ಲಿಪಿ ಅಸ್ಪಷ್ಟಗೊಳಿಸಿದ್ದನ್ನು ಸ್ಪಷ್ಟವಾಗಿಯೇ ಇರಿಸಿದೆ. ಸಂಯೋಜಕ ಕ್ರಿಯಾಪದವಿಲ್ಲದಿರುವುದು ಇಲ್ಲಿ ಕೊರತೆಯಾಗದೆ ಅರ್ಥಭೇದದ ಸಾಧನವಾಗಿದೆ. ಇಂಗ್ಲಿಷಿನಲ್ಲಿ ‘ಇರಲಿ’ ಎಂದು ಕಟ್ಟುವ ಗಣಿತದ ವಾಕ್ಯಕ್ಕೂ ‘ಇದ್ದರೆ’ ಎಂದು ಕೇಳುವ ಷರತ್ತಿಗೂ ‘ಬಿ’ ಎಂಬ ಒಂದೇ ಕ್ರಿಯಾಪದ ಸಾಲುತ್ತದೆಂಬುದನ್ನು ನೆನೆದರೆ ಕೊರತೆಯ ವಾದ ಇನ್ನಷ್ಟು ದುರ್ಬಲವಾಗುತ್ತದೆ.

ಆದರೆ ವಿಮರ್ಶೆ ಇಲ್ಲಿಗೆ ನಿಂತರೆ ಅದು ಭಾಷಾಭಿಮಾನವಾದೀತು. ನಾಮವಾಕ್ಯವನ್ನು ಷರತ್ತಾಗಿಸುವಾಗ ಕನ್ನಡಕ್ಕೆ ಒಂದು ತೊಡಕು ಎದುರಾಗುತ್ತದೆ. ಪಕ್ಷಾರ್ಥಕ ಪ್ರತ್ಯಯ ಧಾತುವಿಗೇ ಸೇರಬೇಕು. ನಾಮವಾಕ್ಯದಲ್ಲಿ ಧಾತುವೇ ಇಲ್ಲ. ಆಗ ‘ಆಗು’ ನೆರವಿಗೆ ಬರುತ್ತದೆ: ‘ಅಂಕ ಮೂವತ್ತೈದಾದರೆ’. ಈ ವಾಕ್ಯಾಂಶಕ್ಕೆ ‘ಮೂವತ್ತೈದು ಆಗಿರುವ ಪಕ್ಷದಲ್ಲಿ’ ಎಂಬ ಅರ್ಥವೂ ಇದೆ, ‘ಮೂವತ್ತೈದಕ್ಕೆ ಬಂದು ಮುಟ್ಟಿದ ಪಕ್ಷದಲ್ಲಿ’ ಎಂಬ ಅರ್ಥವೂ ಇದೆ. ‘ಅವರು ಮೇಷ್ಟರಾದರೆ’ ಎಂಬುದರಲ್ಲಿಯೂ ಇದೇ ದ್ವಂದ್ವ. ಪ್ರಧಾನ ವಾಕ್ಯದಲ್ಲಿ ಉಳಿದ ಭೇದ ಪಕ್ಷಾರ್ಥಕ ಉಪವಾಕ್ಯದಲ್ಲಿ ತಟಸ್ಥಗೊಳ್ಳುತ್ತದೆ. ಸಿ ಭಾಷೆಯಲ್ಲಿ ಈ ತಪ್ಪು ಅತ್ಯಂತ ಹಾನಿಕರವಾಗುವುದೂ ‘ಇಫ್’ ಆವರಣದ ಒಳಗೇ. ಮನೆಮಾತಿನ ಪ್ರಭಾವವನ್ನು ಪ್ರತಿಪಾದಿಸುವವರಿಗೆ ದೊರೆಯಬಹುದಾದ ಗಟ್ಟಿ ಆಧಾರ ಇದೊಂದೇ. ಸಂಯೋಜಕದ ಅಭಾವವನ್ನು ಒಟ್ಟಾರೆಯಾಗಿ ದೂರುವವರು ಈ ಸೂಕ್ಷ್ಮವನ್ನು ಗುರುತಿಸುವುದಿಲ್ಲ. ‘ಆಗಿದ್ದರೆ’ ಎಂಬ ರೂಪದಿಂದ ಕನ್ನಡ ಈ ದ್ವಂದ್ವವನ್ನು ಬಿಡಿಸಿಕೊಳ್ಳಬಲ್ಲದು ಎಂಬುದೂ ಅವರ ಲೆಕ್ಕಕ್ಕೆ ಬರುವುದಿಲ್ಲ.

ಈ ಆಧಾರದ ಬಲವನ್ನು ಅಳೆಯಲು ಗೌರಿಬಿದನೂರು ತಾಲ್ಲೂಕಿನ ಅಲೀಪುರ ಯೋಗ್ಯವಾದ ಒರೆಗಲ್ಲು. ಉರ್ದು ಮನೆಮಾತಿನ ಷಿಯಾ ಮುಸ್ಲಿಮರು ಬಹುಸಂಖ್ಯಾತರಾಗಿರುವ ಊರು ಅದು. ರಾಜ್ಯದ ಆಡಳಿತ ಭಾಷೆ ಕನ್ನಡ. ತಾಲ್ಲೂಕು ಆಂಧ್ರದ ಹಿಂದೂಪುರಕ್ಕೆ ಹೊಂದಿಕೊಂಡಿರುವುದರಿಂದ ಸುತ್ತಲಿನ ಮಾತಿನಲ್ಲಿ ತೆಲುಗಿನ ಬಳಕೆ ವಿಪುಲ. ಈ ಮೂರು ಭಾಷೆಗಳ ಪಕ್ಷಾರ್ಥಕಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ತೆಲುಗಿನ ‘ಅಯಿತೇ’ ಕನ್ನಡದ ‘ಆದರೆ’ಯಂತೆ ಎರಡೂ ಅರ್ಥಗಳನ್ನು ಹೊರುತ್ತದೆ. ಅಲ್ಲಿನ ತಟಸ್ಥೀಕರಣ ಇನ್ನೂ ಆಳವಾದುದು. ಸಮತೆಯನ್ನು ನಿಷೇಧಿಸುವ ‘ಕಾದು’ ಕೂಡ ‘ಆಗು’ ಧಾತುವಿನ ಬಳಗಕ್ಕೇ ಸೇರಿದೆ. ಕನ್ನಡದ ‘ಅಲ್ಲ’ ಹಾಗಲ್ಲ. ಉರ್ದುವಿನಲ್ಲಿ ಸಮತೆಗೂ ಇರುವಿಕೆಗೂ ನಿಷೇಧ ಒಂದೇ, ‘ನಹೀಂ’. ಆದರೆ ಷರತ್ತಿನಲ್ಲಿ ಅದು ಭೇದವನ್ನು ಕಾಪಾಡುತ್ತದೆ: ‘ಪೈಂತೀಸ್ ಹೈ ತೋ’ ಎಂದರೆ ಇರುವ ಸ್ಥಿತಿ, ‘ಪೈಂತೀಸ್ ಹುವಾ ತೋ’ ಎಂದರೆ ಬದಲಾವಣೆ. ‘ಹೋ ತೋ’ ಎಂಬ ಮೂರನೆಯ ರೂಪ ಮಾತ್ರ ಎರಡರ ನಡುವೆ ತೂಗುತ್ತದೆ.

ಇದರಿಂದ ಒಂದು ಫಲಿತಾರ್ಥ ಅನಿವಾರ್ಯವಾಗಿ ಹೊರಡುತ್ತದೆ. ಮನೆಮಾತಿನ ರಚನೆಯೇ ತಪ್ಪಿಗೆ ಕಾರಣವಾದಲ್ಲಿ, ಒಂದೇ ತರಗತಿಯಲ್ಲಿ ಒಂದೇ ಪಾಠ ಕೇಳಿದ ಮಕ್ಕಳ ಪೈಕಿ ತೆಲುಗು ಮನೆಮಾತಿನವರು ಷರತ್ತಿನಲ್ಲಿ ಹೆಚ್ಚು ತಪ್ಪಬೇಕು, ಉರ್ದು ಮನೆಮಾತಿನವರು ಕಡಿಮೆ ತಪ್ಪಬೇಕು. ಷರತ್ತಿನ ಹೊರಗೆ ಈ ವ್ಯತ್ಯಾಸ ಕಾಣಿಸಬಾರದು. ಮಾಧ್ಯಮ, ಇಂಗ್ಲಿಷಿನ ಪರಿಚಯ, ಬೀಜಗಣಿತದ ತಯಾರಿ ಇವನ್ನು ಬೇರ್ಪಡಿಸಿ ಇದನ್ನು ತೋರಿಸದ ಹೊರತು ‘ಮಾತೃಭಾಷೆಯ ಅಡ್ಡಿ’ ಎಂಬುದು ವಿವರಣೆಯಾಗುವುದಿಲ್ಲ, ಹಣೆಪಟ್ಟಿಯಷ್ಟೇ ಆಗುತ್ತದೆ. ಅಲೀಪುರದ ಒಬ್ಬ ವಿದ್ಯಾರ್ಥಿನಿಯ ಮೇಲೆ ಅದನ್ನು ಅಂಟಿಸುವವರು ಅವಳ ಮನೆಮಾತಿನ ವ್ಯಾಕರಣ ಅದಕ್ಕೆ ವಿರುದ್ಧ ಸಾಕ್ಷಿ ಹೇಳುತ್ತದೆಂಬುದನ್ನು ನೋಡಿಯೇ ಇಲ್ಲ. ಇತ್ತ ಇಂಗ್ಲಿಷ್ ಬಲ್ಲ ಪರಿಣತರ ಕಣ್ಣನ್ನೂ ಈ ಚಿಹ್ನೆ ವಂಚಿಸಬಲ್ಲದೆಂಬ ಭರವಸೆಯಿಂದಲೇ 2003ರ ನವೆಂಬರಿನಲ್ಲಿ ಲಿನಕ್ಸ್ ಕರ್ನೆಲ್‌ನ ಒಂದು ಪ್ರತಿಯೊಳಗೆ ಯಾರೋ ಹೋಲಿಕೆಯ ವೇಷದ ನಿಯೋಜನೆಯೊಂದನ್ನು ತೂರಿಸಲು ಯತ್ನಿಸಿದ್ದರು. ಬಳಕೆದಾರನ ಗುರುತನ್ನು ಸೊನ್ನೆಗೆ ಹೋಲಿಸುವಂತೆ ಕಾಣುವ ಆ ಸಾಲು ನಿಜವಾಗಿ ಅವನಿಗೆ ಸರ್ವಾಧಿಕಾರವನ್ನೇ ಕೊಡುತ್ತಿತ್ತು. ಮೂಲ ಸಂಗ್ರಹದೊಡನೆ ತಾಳೆ ಬೀಳದ್ದರಿಂದ ಅದು ಸಿಕ್ಕಿಬಿತ್ತು.

ಮನೆಮಾತನ್ನು ಬಿಟ್ಟು ಪಾಠದ ಭಾಷೆಯತ್ತ ತಿರುಗಿದರೆ ಆಕ್ಷೇಪಕ್ಕೆ ನಿಜವಾದ ನೆಲೆ ಸಿಗುತ್ತದೆ. ‘ಬೆಂಗಳೂರು ಕರ್ನಾಟಕದ ರಾಜಧಾನಿ’ ಎಂದು ಆಡುವ ಕನ್ನಡ ಪಠ್ಯಪುಸ್ತಕದಲ್ಲಿ ‘ರಾಜಧಾನಿಯಾಗಿದೆ’ ಎಂದು ಬರೆಯುತ್ತದೆ. ಇಂಗ್ಲಿಷಿನ ಸಂಯೋಜಕಕ್ಕೆ ಪದಕ್ಕೊಂದು ಪದ ಒದಗಿಸುವ ಹಟದಿಂದ ಬೆಳೆದ ಈ ‘ಆಗಿದೆ’ ಬದಲಾವಣೆಯ ಧಾತುವನ್ನು ಸಮತೆಯ ಕೆಲಸಕ್ಕೆ ಹಚ್ಚಿತು. ‘ಅಂಕವು 35 ಆಗಿದೆ’ ಎಂದು ಓದಿದ ವಿದ್ಯಾರ್ಥಿಗೆ ಅದು ನಿಯೋಜನೆಯ ಫಲವೋ ಹೋಲಿಕೆಯ ಉತ್ತರವೋ ತಿಳಿಯುವ ದಾರಿಯಿಲ್ಲ. ಷರತ್ತಿನಲ್ಲಿ ಮಾತ್ರ ಇದ್ದ ತಟಸ್ಥೀಕರಣವನ್ನು ಈ ಶೈಲಿ ಪ್ರಧಾನ ವಾಕ್ಯಕ್ಕೂ ಹಬ್ಬಿಸಿದೆ. ಕನ್ನಡವನ್ನು ಕನ್ನಡದ್ದೇ ರಚನೆಯಿಂದ ವಿವರಿಸಬೇಕೆಂದು ಡಿ. ಎನ್. ಶಂಕರ ಭಟ್ಟರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ಮಂಡಿಸಿದ ವಾದ ವ್ಯಾಕರಣ ಗ್ರಂಥಗಳಿಗಷ್ಟೇ ಸೀಮಿತವಲ್ಲ; ಗಣಕ ಪಾಠದ ಕನ್ನಡಕ್ಕೂ ಅದು ಸಲ್ಲುತ್ತದೆ. ಇದರ ಮೇಲೆ ‘=’ ಮತ್ತು ‘==’ ಎರಡನ್ನೂ ‘ಈಕ್ವಲ್ ಟು’ ಎಂದೇ ಓದುವ ಅಭ್ಯಾಸ ಸೇರಿದರೆ ಬರಹದಲ್ಲಿ ಉಳಿದಿದ್ದ ಭೇದವೂ ಕಿವಿಯಲ್ಲಿ ಅಳಿಸಿಹೋಗುತ್ತದೆ.

ಇದಕ್ಕೆ ಪರ್ಯಾಯ ಭಾಷೆಯಲ್ಲಿ ಈಗಾಗಲೇ ಇದೆ. ‘ಅಂಕ = 35’ ಎಂಬುದನ್ನು ‘ಅಂಕಕ್ಕೆ 35 ಕೊಡು’ ಎಂದೂ ‘ಅಂಕ == 35’ ಎಂಬುದನ್ನು ‘ಅಂಕ 35 ಏ?’ ಎಂದೂ ಓದಬಹುದು. ಮೊದಲನೆಯದರಲ್ಲಿ ಎಡಗಡೆಯ ಪದಕ್ಕೆ ಚತುರ್ಥೀ ವಿಭಕ್ತಿ ಕಡ್ಡಾಯ. ಪದಗಳನ್ನು ಅದಲುಬದಲು ಮಾಡಿದರೆ ‘35ಕ್ಕೆ ಅಂಕ ಕೊಡು’ ಎಂಬ ಅಸಂಬದ್ಧ ಹುಟ್ಟುತ್ತದೆ. ಹೋಲಿಕೆಯಲ್ಲಿ ಅದಲುಬದಲು ಅರ್ಥವನ್ನು ಕೆಡಿಸುವುದಿಲ್ಲ. ‘ಸಮ’ ಎಂಬ ಪದವನ್ನೇ ಬಳಸುವುದಾದರೆ ಎಚ್ಚರ ಬೇಕು, ಏಕೆಂದರೆ ‘ಅಂಕ 35ಕ್ಕೆ ಸಮ’ ಎಂಬಲ್ಲಿಯೂ ಚತುರ್ಥಿಯಿದೆ. ಆದರೆ ಅದು ಬಲಗಡೆಯ ಪದದ ಮೇಲೆ. ಷರತ್ತಿನಲ್ಲಿ ‘ಆದರೆ’ಯನ್ನು ಬಿಟ್ಟು ‘ಆಗಿದ್ದರೆ’ಯನ್ನು ನಿಯತವಾಗಿ ಬಳಸುವುದು ಮೂರನೆಯ ಹೆಜ್ಜೆ. ‘ಅಂಕ = ಅಂಕ + 1’ ಎಂಬ, ಬೀಜಗಣಿತ ಕಲಿತವರನ್ನು ಬೆಚ್ಚಿಸುವ ಸಾಲು ‘ಅಂಕಕ್ಕೆ ಒಂದು ಕೂಡಿಸು’ ಎಂಬ ಓದಿನಲ್ಲಿ ತಾನಾಗಿಯೇ ಸರಳವಾಗುತ್ತದೆ.

ಪದವಿಪೂರ್ವ ಪಾಠ ಸಿ++ನಿಂದ ಪೈಥಾನ್‌ಗೆ ಸರಿದ ಮೇಲೆ ಈ ಚರ್ಚೆಗೆ ಅರ್ಥವಿಲ್ಲವೆಂದು ಹೇಳಬಹುದು; ಪೈಥಾನ್ ಷರತ್ತಿನಲ್ಲಿ ‘=’ ಕಂಡೊಡನೆ ದೋಷವೆಂದು ನಿಲ್ಲುತ್ತದೆ. ಅಲ್ಲಿಯೂ 2019ರಲ್ಲಿ ಬಂದ 3.8ನೆಯ ಆವೃತ್ತಿ ಷರತ್ತಿನೊಳಗಿನ ನಿಯೋಜನೆಗೆ ಎಡೆಮಾಡಿತು, ಆದರೆ ಆಲ್ಗಾಲಿನ ‘:=’ ಗುರುತನ್ನೇ ಮರಳಿ ತಂದುಕೊಂಡು. ಚಿಹ್ನೆಯನ್ನು ಬೇರ್ಪಡಿಸಿದರೆ ತಪ್ಪು ತಗ್ಗುತ್ತದೆಂಬ ತಿಳಿವಳಿಕೆ ಅದರ ಹಿಂದಿದೆ. ಯಂತ್ರ ತಪ್ಪನ್ನು ತಡೆಯುತ್ತದೆ ನಿಜ; ಅರ್ಥವನ್ನು ಕಲಿಸುವುದು ಅದರ ಕೆಲಸವಲ್ಲ. ಆ ಕೆಲಸ ನಡೆಯುವುದು ಪಾಠದ ಮಾತಿನಲ್ಲಿ. ಕೊಡುವುದಕ್ಕೂ ಕೇಳುವುದಕ್ಕೂ ಇರುವ ಅಂತರವನ್ನು ಶಾಲೆಗೆ ಬರುವ ಮೊದಲೇ ಅರಿತ ಮಗುವಿಗೆ ಆ ಅಂತರವನ್ನು ಅಳಿಸಿದ ಭಾಷೆಯಲ್ಲಿ ಪಾಠ ಹೇಳಿ, ಆಮೇಲೆ ಅದರ ಮನೆಮಾತನ್ನು ದೂರುವುದು ಭಾಷಾವಿಜ್ಞಾನಕ್ಕೆ ತಕ್ಕ ಮಾತಲ್ಲ.