ಹೆಸರಿಗಿಂತ ಮುಂಚೆ ಮನೆ

ಮಲೆನಾಡಿನ ಬಸ್ಸಿನಲ್ಲಿ ಪಕ್ಕ ಕೂತ ಹಿರಿಯರು ನಿಮ್ಮ ಹೆಸರು ಕೇಳುವುದು ನಿಧಾನಕ್ಕೆ. ಮೊದಲು ಕೇಳುವುದು, "ಯಾವ ಮನೆಯೋರು?" ಬಯಲುಸೀಮೆಯಿಂದ ಹೋದ ನನಗೆ ಮೊದಲ ಸಲ ಉತ್ತರವೇ ಹೊಳೆಯಲಿಲ್ಲ. "ಬಾಡಿಗೆ ಮನೆ ಸ್ವಾಮಿ" ಅಂದೆ. ಅವರು ಎಲೆಯಡಿಕೆ ತುಂಬಿದ ಬಾಯಲ್ಲೇ ನಕ್ಕರು. ಆ ಸೀಮೆಯಲ್ಲಿ ಮನೆಗೆ ಹೆಸರಿರುತ್ತದೆ, ಮನೆಯ ಹೆಸರೇ ಎಷ್ಟೋ ಸಲ ಊರಿನ ಹೆಸರೂ ಆಗಿರುತ್ತದೆ. ಮನುಷ್ಯ ಅದರ ಹಿಂದೆ ಬರುತ್ತಾನೆ.

ಕನ್ನಡದ ಅತ್ಯಂತ ಪ್ರಸಿದ್ಧ ಮೂರಕ್ಷರವನ್ನು ಒಮ್ಮೆ ಬಿಡಿಸಿ ನೋಡಿ. 'ಕು' ಎಂದರೆ ಕುಪ್ಪಳ್ಳಿ, 'ವೆಂ' ಎಂದರೆ ತಂದೆ ವೆಂಕಟಪ್ಪ, 'ಪು' ಎಂದರೆ ಪುಟ್ಟಪ್ಪ. ಮೊದಲು ಮನೆ, ಆಮೇಲೆ ಅಪ್ಪ, ಕೊನೆಗೆ ತಾನು. ಅವರ ಕಾದಂಬರಿಯ ಹೆಸರೂ ಹಾಗೆಯೇ. 1936ರಲ್ಲಿ ಬಂದ 'ಕಾನೂರು ಹೆಗ್ಗಡಿತಿ'ಯ ಶೀರ್ಷಿಕೆಯಲ್ಲಿ ಹೆಗ್ಗಡಿತಿ ಸುಬ್ಬಮ್ಮನ ಹೆಸರಿಲ್ಲ. ಆಕೆ ಯಾವ ಮನೆಯವಳು ಎಂಬುದಿದೆ.

ಆ 'ಕು' ಎಂಬ ಅಕ್ಷರವನ್ನು ಕಣ್ಣಿಂದ ಕಾಣಬೇಕೆಂದರೆ ತೀರ್ಥಹಳ್ಳಿಯಿಂದ ಕೊಪ್ಪದ ದಾರಿ ಹಿಡಿದು ಕುಪ್ಪಳ್ಳಿಗೆ ಹೋಗಬೇಕು. ನಾನು ಹೋದದ್ದು ಆಷಾಢದಲ್ಲಿ. ಎಲ್ಲರೂ ಬೇಡವೆಂದರು, ಜಿಗಣೆ, ಜಾರಿಕೆ, ಜಡಿಮಳೆ ಅಂದರು. ಮೂರೂ ನಿಜವಾಗಿತ್ತು, ಮೂರಕ್ಕೂ ನಾನು ಋಣಿ. ಕಾಡಿನ ಮಡಿಲಲ್ಲಿ, ಒದ್ದೆ ಹಸಿರಿನ ನಡುವೆ, ಕೆಂಪು ಹಂಚಿನ ಆ ಮೂರಂತಸ್ತಿನ ಮನೆ ಮಂಜು ಸರಿದಾಗ ಕಂಡು ಮಂಜು ಕವಿದಾಗ ಅಡಗುತ್ತಿತ್ತು. ಅಷ್ಟು ದೊಡ್ಡ ಮನೆಯಾದರೂ ಎಲ್ಲೂ ಬೀಗುವುದಿಲ್ಲ. ಮಾಡು ತಗ್ಗಾಗಿ ಇಳಿದು ಬಂದು, ಗೋಡೆಗೆ ಮಳೆ ತಾಗದಂತೆ ಕಾಪಾಡುತ್ತದೆ, ಕಂಬಳಿಕೊಪ್ಪೆ ಹೊದ್ದ ರೈತನ ಹಾಗೆ.

ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಅಂಗಾಲಿಗೆ ತಣ್ಣನೆಯ ನೆಲ, ಕಣ್ಣಿಗೆ ಜೇನುಗಪ್ಪು ಬಣ್ಣದ ಮರ, ಮೂಗಿಗೆ ಹಳೆಯ ಮರ ಮಳೆಗಾಲದಲ್ಲಿ ಬಿಡುವ ಆ ಕಮಟು ಸುವಾಸನೆ. ನಾಲ್ಕು ಹೆಜ್ಜೆ ಇಟ್ಟರೆ ತೊಟ್ಟಿ.

ಇಲ್ಲಿ ಸ್ವಲ್ಪ ನಿಲ್ಲೋಣ.

ತೊಟ್ಟಿ ಮನೆಯನ್ನು ಬೇಸಿಗೆಯಲ್ಲಿ ನೋಡಿದವರು ನೋಡಿದ್ದು ಅರ್ಧ ಮಾತ್ರ. ಸುತ್ತ ನಾಲ್ಕು ಕಡೆ ಜಗಲಿ, ನಡುವೆ ತಗ್ಗಿದ ಅಂಗಳ, ಅದರ ಮೇಲೆ ಚೌಕವಾಗಿ ಕತ್ತರಿಸಿಟ್ಟ ಆಕಾಶ. ನಾಲ್ಕೂ ಮಾಡು ಒಳಮುಖವಾಗಿ ಬಾಗಿ ಆ ಚೌಕಕ್ಕೆ ಮಳೆಯನ್ನು ಸುರಿಯುತ್ತವೆ. ಒಂದೊಂದು ಹಂಚಿನ ಸಾಲಿಗೆ ಒಂದೊಂದು ಧಾರೆ. ಮೊದಲು ಹನಿ. ಆಮೇಲೆ ಮುತ್ತಿನ ಸರ. ಆಮೇಲೆ, ಮೋಡ ಪೂರ್ತಿ ಕಳಚಿಕೊಂಡಾಗ, ನಾಲ್ಕೂ ಕಡೆ ನೀರಿನದೇ ಗೋಡೆ. ಎರಡು ಮಾಡು ಕೂಡುವ ಮೂಲೆಯಲ್ಲಂತೂ ಎರಡರ ನೀರೂ ಸೇರಿ ದಪ್ಪನೆಯ ದಬದಬೆಯಾಗಿ ಧುಮುಕುತ್ತದೆ. ಕೈಚಾಚಿದರೆ ಒದ್ದೆಯಾಗುವಷ್ಟು ಹತ್ತಿರ ನಾನು ಕೂತಿದ್ದೆ. ಮೈಮೇಲೆ ಒಂದು ಹನಿಯೂ ಬೀಳಲಿಲ್ಲ. ಮನೆಯ ಒಳಗೇ ಕೂತು ಮಳೆಯ ನಡುವೆ ಇರುವುದು. ಬೇಲೂರಿನ ಶಿಲ್ಪಿಗಿದ್ದ ಜಾಣ್ಮೆಗಿಂತ ಹೆಸರಿಲ್ಲದ ಮಲೆನಾಡಿನ ಬಡಗಿಯ ಈ ಲೆಕ್ಕಾಚಾರ ಯಾವುದರಲ್ಲಿ ಕಡಿಮೆ?

ಅಲ್ಲಿನ ಬೆಳಕಿನ ಬಗ್ಗೆಯೂ ಹೇಳಬೇಕು. ಮಳೆ ಮೋಡದ ಬೂದು ಬೆಳಕು ತೊಟ್ಟಿಗೆ ಇಳಿದು, ಒದ್ದೆ ನೆಲಕ್ಕೆ ತಾಗಿ, ಅಲ್ಲಿಂದ ಪುಟಿದು ಕಂಬಗಳನ್ನು ಕೆಳಗಿನಿಂದ ಬೆಳಗುತ್ತದೆ. ಕೆತ್ತನೆಯ ಗೆರೆಗಳೆಲ್ಲ ಆಗ ನಿಧಾನವಾಗಿ ಎದ್ದು ಬರುತ್ತವೆ. ಚೌಕ ಬುಡ, ನಡುವೆ ತೆಳುವಾಗುವ ಮೈ, ಮೇಲೆ ತೊಲೆಯ ಭಾರವನ್ನು ಎರಡು ಅಂಗೈಯಲ್ಲಿ ಹಿಡಿದಂತಿರುವ ಬೋದಿಗೆ. ಮಲೆನಾಡಿನ ಬಡಗಿಗೆ ಮರ ಬರಿಯ ಮರವಲ್ಲ. ಹಲಸು ಕಡಿದ ಹೊಸದರಲ್ಲಿ ಅರಿಸಿನದ ಹಳದಿ, ವರ್ಷ ಕಳೆದಂತೆ ಕಂದು. ಬೀಟೆ ಮೊದಲಿನಿಂದಲೂ ಕಡುಗಪ್ಪಿನ ಗಾಂಭೀರ್ಯದ್ದು. ಯಾವುದನ್ನು ಕಂಬಕ್ಕೆ, ಯಾವುದನ್ನು ಬಾಗಿಲಿಗೆ, ಯಾವುದನ್ನು ಪೆಟ್ಟಿಗೆಗೆ ಎಂಬುದು ಅವನಿಗೆ ಕೈ ಸವರಿದರೆ ತಿಳಿಯುತ್ತಿತ್ತು. ಒಂದರ ತೂತಿಗೆ ಇನ್ನೊಂದರ ನಾಲಿಗೆಯನ್ನು ಕೂರಿಸಿ, ಮರವನ್ನು ಮರಕ್ಕೇ ಕಚ್ಚಿಸಿ ನಿಲ್ಲಿಸುತ್ತಿದ್ದ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ.

ಕಾಲದ ಹೊಡೆತಕ್ಕೆ ಜೀರ್ಣವಾಗಿದ್ದ ಈ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಹಳೆಯ ಮಾದರಿಯಲ್ಲೇ ಮತ್ತೆ ಎತ್ತಿ ನಿಲ್ಲಿಸಿ 'ಕವಿಮನೆ'ಯಾಗಿಸಿದೆ. ಕೆಲವರು ಇದನ್ನು ಕೊರತೆಯೆಂಬಂತೆ ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಹಂಚು ಕೈಯಾಡಿಸದೆ, ಕೆಟ್ಟ ಜಂತೆ ಬದಲಿಸದೆ ಮಲೆನಾಡಿನ ಯಾವ ಮನೆ ತಾನೇ ಉಳಿದೀತು? ರಿಪೇರಿಯೂ ಮನೆತನದ ಚರಿತ್ರೆಯೇ.

ಒಳಗೆ ಆ ಮನೆತನ ಬಳಸಿದ ಸಾಮಾನುಗಳಿವೆ. ಅಡುಗೆಮನೆಯ ಪಾತ್ರೆಪಡಗಗಳ ಮುಂದೆ ನಾನು ಬಿರುದುಬಾವಲಿಗಳ ಮುಂದೆ ನಿಂತದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ. ಕೂಡುಕುಟುಂಬದ ಪಾತ್ರೆ ನೋಡಿದರೆ ಪಂಕ್ತಿ ಎಷ್ಟು ಉದ್ದವಿತ್ತೆಂದು ಊಹಿಸಬಹುದು. ಮಕ್ಕಳು, ಮುದುಕರು, ಬಾಣಂತಿಯರು, ನೆಂಟರು, ಕೆಲಸದಾಳುಗಳು, ಎಲ್ಲರ ಹಸಿವಿನ ಅಳತೆ ಅಲ್ಲಿದೆ. ಇನ್ನೊಂದು ಕಡೆ ಕುವೆಂಪು ಅವರ ಮದುವೆಯ ಮಂಟಪ. 1937ರಲ್ಲಿ ಕುಪ್ಪಳ್ಳಿಯ ಪುಟ್ಟಪ್ಪನವರಿಗೂ ದೇವಂಗಿಯ ಹೇಮಾವತಿಯವರಿಗೂ ಮದುವೆಯಾಯಿತು. ಬಸ್ಸಿನ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಮನೆ ಇನ್ನೊಂದು ಮನೆಯನ್ನು ಕೂಡಿಕೊಂಡಿತು. ಮಂಟಪದ ಕೆತ್ತನೆಯ ಮರ ಹೂವಿಲ್ಲದೆಯೂ ಸಿಂಗಾರವಾಗಿಯೇ ನಿಂತಿದೆ.

ಮರದ ಮೆಟ್ಟಿಲು ಹತ್ತಿ ಉಪ್ಪರಿಗೆಗೆ ಹೋದೆ. ಪ್ರತಿ ಮೆಟ್ಟಿಲೂ ಬೇರೆ ಬೇರೆ ದನಿಯಲ್ಲಿ ನರಳಿತು. ಮೇಲೆ ಕಿಟಕಿಯಿಂದ ಕಂಡದ್ದು ಕಾಡು, ಇನ್ನೂ ಕಾಡು, ಅದರಾಚೆ ಮಂಜು. ಮನೆಯ ಹಿಂದಿನ ಗುಡ್ಡದ ಮೇಲೆ ಕವಿಶೈಲ. ಅಲ್ಲಿನ ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ತಮ್ಮ ಹೆಸರು ಕೊರೆದಿದ್ದಾರೆ. 1994ರಲ್ಲಿ ಕವಿಯನ್ನು ಮಲಗಿಸಿದ್ದೂ ಅಲ್ಲಿಯೇ. ಹುಟ್ಟಿದ್ದು 1904ರಲ್ಲಿ ತಾಯಿಯ ತವರಾದ ಹಿರೇಕೊಡಿಗೆಯಲ್ಲಿ, ಬಾಳಿದ್ದು ಮೈಸೂರಿನಲ್ಲಿ. ಕೊನೆಗೆ ಮರಳಿದ್ದು ಮೊದಲಕ್ಷರಕ್ಕೆ.

ಕಿಟಕಿಯ ಬಳಿ ನಿಂತಾಗ ಈ ಮನೆತನದ ಮುಂದಿನ ಮನೆಗಳ ನೆನಪಾಯಿತು. ಕುವೆಂಪು ಮೈಸೂರಿನಲ್ಲಿ ಕಟ್ಟಿದ ಮನೆಗೆ 'ಉದಯರವಿ' ಎಂದು ಹೆಸರಿಟ್ಟರು. ಮಗ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದ ಮನೆಯನ್ನು 'ನಿರುತ್ತರ' ಎಂದು ಕರೆದರು. ಕುಪ್ಪಳ್ಳಿಯ ಹೆಸರನ್ನು ಯಾರೂ ಇಡಲಿಲ್ಲ, ಅದು ತಾನಾಗಿ ಇತ್ತು. 'ಉದಯರವಿ' ಕವಿಯ ಕನಸು. 'ನಿರುತ್ತರ' ಕವಿಪುತ್ರನ ತುಂಟತನ. ಮೂರು ಹೆಸರನ್ನು ಸಾಲಾಗಿ ಓದಿದರೆ ಒಂದು ವಂಶದ ಕಥೆ ಮುಗಿಯುತ್ತದೆ: ಮನೆ ಹೆಸರು ಕೊಟ್ಟ ಕಾಲದಿಂದ, ಮನುಷ್ಯ ಮನೆಗೆ ಹೆಸರು ಕೊಟ್ಟ ಕಾಲದವರೆಗೆ.

ಕೆಳಗಿಳಿದು ಮತ್ತೆ ತೊಟ್ಟಿಯ ಅಂಚಿಗೆ ಬಂದು ಕೂತೆ. ಮಳೆ ನಿಂತಿತ್ತು, ಹಂಚು ಮಾತ್ರ ಇನ್ನೂ ತೊಟ್ಟಿಕ್ಕುತ್ತಿತ್ತು, ಆಲಸಿಯಾಗಿ, ಒಂದಾದ ಮೇಲೆ ಒಂದು.

ನೀವೂ ಹೋಗಿ. ರಜೆಯ ಡಿಸೆಂಬರ್ ಬಿಟ್ಟು ಜುಲೈನಲ್ಲಿ ಹೋಗಿ. ಜಿಗಣೆಗೆ ಒಂದಿಷ್ಟು ಉಪ್ಪು, ಜೊತೆಗೆ ಒಂದು ಕೊಡೆ ಇರಲಿ. ಕೈಗಡಿಯಾರ ಮನೆಯಲ್ಲೇ ಇರಲಿ. ಹೋಗುವ ಮೊದಲು ನಿಮ್ಮ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳಿ ನಿಮ್ಮ ಹಳೆಯ ಮನೆಗೆ ಊರವರು ಏನೆನ್ನುತ್ತಿದ್ದರೆಂದು ತಿಳಿದುಕೊಳ್ಳಿ. ಬಸ್ಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.