ಚಂದ್ರಾ ಸತ್ತಳು, ಸೋಮು ತಡವಾಗಿ ಬಂದ

ಪುಟ್ಟಣ್ಣ ಕಣಗಾಲರ ‘ಗೆಜ್ಜೆ ಪೂಜೆ’ (1969) ನೋಡಿ ಅಳದವರು ಕಡಿಮೆ. ನಾನೂ ಅತ್ತವನೇ. ಆದರೆ ಜಮಖಂಡಿ, ಮುಧೋಳ, ಬೀಳಗಿ ಕಡೆಯ ನಾವು ಕಣ್ಣೊರೆಸಿಕೊಂಡು ಸುಮ್ಮನೆ ಎದ್ದು ಬಂದರೆ ಸಾಲದು. ಯಾಕಂದ್ರ ಆ ಕತಿ ನಮ್ಮ ಓಣೀದು. ಅಲ್ಲಿ ಗೆಜ್ಜೆ ಪೂಜೆ, ಇಲ್ಲಿ ಮುತ್ತು ಕಟ್ಟೋದು; ಇಷ್ಟೇ ಫರಕು ಅಂತ ಮೊದಲಿಗೆ ಅನಿಸ್ತೈತಿ. ಫರಕು ಬಾಳ ದೊಡ್ಡದೈತಿ.

ಎಂ.ಕೆ. ಇಂದಿರಾ ಅವರ ಕಾದಂಬರಿಯ ಕತೆ ಇದು. ವೇಶ್ಯೆಯೊಬ್ಬಳ ಸಾಕುಮಗಳು ಅಪರ್ಣಾ (ಲೀಲಾವತಿ) ಒಬ್ಬನನ್ನು ನಂಬುತ್ತಾಳೆ. ಮದುವೆಯ ಮಾತು ಕೊಟ್ಟವನು ತಿರುಗಿ ಬರುವುದಿಲ್ಲ. ಮಗಳು ಚಂದ್ರಾ (ಕಲ್ಪನಾ) ಓದುತ್ತಾಳೆ, ಸೋಮುವನ್ನು (ಗಂಗಾಧರ್) ಪ್ರೀತಿಸುತ್ತಾಳೆ. ಎಷ್ಟೋ ವರ್ಷದ ಮೇಲೆ ಸಿಕ್ಕ ತಂದೆಯ ಜೊತೆ ಅವಳನ್ನು ಕಂಡ ಸೋಮು, ಇವಳೂ ಕಸುಬಿಗೆ ಇಳಿದಳೆಂದು ತಿಳಿದು ಬೇರೆ ಮದುವೆಗೆ ಒಪ್ಪುತ್ತಾನೆ. ಚಂದ್ರಾ ಗೆಜ್ಜೆ ಪೂಜೆಯ ದಿನವೇ ಪ್ರಾಣ ಬಿಡುತ್ತಾಳೆ.

ಕಲ್ಪನಾ ಅಭಿನಯದ ಬಗ್ಗೆ ಎರಡು ಮಾತಿಲ್ಲ. ಆಕೆ ಸುಮ್ಮನೆ ನಿಂತರೂ ನೋಡುವವನ ಹೊಟ್ಟೆ ಕಿವುಚುತ್ತದೆ. ಪುಟ್ಟಣ್ಣನವರ ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿ ಬಂತು. ನನ್ನ ಜಗಳ ಇರುವುದು ಆ ಚಿತ್ರಕಥೆಯ ಜೊತೆಗೇ.

ಇಡೀ ದುರಂತ ಒಂದು ತಪ್ಪು ತಿಳಿವಳಿಕೆಯ ಮೇಲೆ ನಿಂತಿದೆ. ‘ಆತ ಅವಳ ಅಪ್ಪ’ ಎಂದು ಯಾರಾದರೂ ಸೋಮುವಿಗೆ ಒಂದು ಮಾತು ಹೇಳಿದ್ದರೆ ತಾಳಿ ಬೀಳುತ್ತಿತ್ತು ಎಂದು ಪ್ರೇಕ್ಷಕ ಹಲುಬುತ್ತಾನೆ. ಅಂದರೆ ತಪ್ಪು ಸೋಮುವಿನದಲ್ಲ, ಗಳಿಗೆಯದು! ನಮ್ಮೂರುಗಳಲ್ಲಿ ಇಂಥ ಗೊಂದಲಕ್ಕೆ ಜಾಗವೇ ಇಲ್ಲ. ಮುತ್ತು ಕಟ್ಟಿಸಿಕೊಂಡಾಕೆಯ ಮಕ್ಕಳ ಅಪ್ಪ ಯಾರೆಂಬುದು ಇಡೀ ಊರಿಗೆ ಗೊತ್ತು. ಆತನ ಹೊಲದಾಗ ಕಬ್ಬು ಕಡಿಯೋ ಹುಡುಗನಿಗೂ ಗೊತ್ತು. ಗೊತ್ತಿದ್ದೂ ಆತ ‘ಮಗನೇ’ ಅನ್ನುವುದಿಲ್ಲ, ಅಷ್ಟೇ. ನಾನು ಮಾಸ್ತರನಾಗಿ ಹಾಜರಿ ಬರೆದವನು. ದಾಖಲಾತಿಯಲ್ಲಿ ತಂದೆಯ ಹೆಸರಿನ ಕಾಲಮಿಗೆ ಬಂದಾಗ ಪೆನ್ನು ನಿಲ್ಲುತ್ತಿತ್ತು. ಹುಡುಗ ನೆಲ ನೋಡುತ್ತಿದ್ದ, ಅವ್ವ ನನ್ನ ಮುಖ ನೋಡುತ್ತಿದ್ದಳು.

ಇನ್ನೊಂದು ಸಂಗತಿ. ಅಪರ್ಣಾಳನ್ನು ಸಾಕುಮಗಳು ಮಾಡಿದ್ದರಲ್ಲಿ ಒಂದು ಹಂಚಿಕೆ ಇದೆ. ಆಕೆ ಆ ಮನೆಯ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ಹಾಗಾಗಿ ಆಕೆಯ ಮಗಳು ಸಂಸಾರಕ್ಕೆ ತಕ್ಕವಳು. ಮಧ್ಯಮವರ್ಗದ ಕರುಣೆ ಹುಟ್ಟು ನೋಡಿಯೇ ಕರಗುವುದು. ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಬಿದ್ದದ್ದು ಹೆಚ್ಚಾಗಿ ದಲಿತ ಕೇರಿಯ ಹುಡುಗಿಯರ ಕೊರಳಿಗೆ. ಅವರಿಗೆ ಸಾಕುಮಗಳೆಂಬ ವಿನಾಯಿತಿ ಎಲ್ಲಿಂದ ಬರಬೇಕು?

ನಿಷ್ಠೆ ಎಂಬ ಮಾತೂ ಹಾಗೇ. ಚಂದ್ರಾ ತನ್ನ ನಿಷ್ಠೆಯನ್ನು ಜೀವ ಕೊಟ್ಟು ತೋರಿಸಬೇಕು. ಸೋಮು ಕಣ್ಣೀರು ಹಾಕಿದರೆ ಸಾಕು. ಬನಹಟ್ಟಿಯಲ್ಲಿ ಕಂಡಕಿ ಸುತ್ತುವ ಮುದುಕಿಯೊಬ್ಬಳು ಟಿವಿಯಲ್ಲಿ ಈ ಚಿತ್ರ ನೋಡಿ ಅಂದದ್ದು: “ಇಪ್ಪತ್ತು ವರ್ಷ ಒಬ್ಬಂವಗ ನಡಕೊಂಡೆರಿ ಮಾಸ್ತರ. ಅಂವ ಮನಿಯಾಗ ಹೇಣ್ತಿ ಇಟಗೊಂಡೇ ಇದ್ದ. ನಾ ಸಾಯ್ಲಿಲ್ಲ, ಅದಕ್ಕ ನನ್ನ ಪಿಚ್ಚರ್ ಯಾರೂ ತಗೀಲಿಲ್ಲ.” ಈ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ತಡ ಎಂಬುದು ಇಲ್ಲಿ ಪ್ರೇಮಿಯೊಬ್ಬನ ಗುಣವಲ್ಲ. 1934ರ ಮುಂಬೈ ದೇವದಾಸಿ ಸಂರಕ್ಷಣಾ ಕಾನೂನು ಬ್ರಿಟಿಷ್ ಆಡಳಿತದ ಬೀಳಗಿಗೆ ಬಂತು. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಸಂಸ್ಥಾನಗಳಾಗಿದ್ದರಿಂದ ಅವಕ್ಕೆ ಅದು ನೇರ ತಾಗಲಿಲ್ಲ. ಕರ್ನಾಟಕದ ಕಾನೂನು ಆದದ್ದು 1982ರಲ್ಲಿ, ಜಾರಿಗೆ ಬಂದದ್ದು 1984ರಲ್ಲಿ. ದೇವದಾಸಿಯ ಮದುವೆ ಸಿಂಧು, ಆಕೆಯ ಮಕ್ಕಳು ಸಕ್ರಮ ಎಂದು ಅದರಲ್ಲಿ ಬರೆದಿದೆ. ಒಳ್ಳೆಯದು. ತಾಳಿ ಹಿಡಿದು ಬರುವವನು ಎಲ್ಲಿ? 1993-94 ಮತ್ತು 2007-08ರ ಎರಡು ಸರ್ಕಾರಿ ಸಮೀಕ್ಷೆ ಸೇರಿ ರಾಜ್ಯದಲ್ಲಿ ಸಿಕ್ಕ ಹೆಣ್ಣುಮಕ್ಕಳು 46,660. ಇಷ್ಟು ಮಂದಿ ಚಂದ್ರಾಗಳಿಗೆ ಎಷ್ಟು ಮಂದಿ ಸೋಮುಗಳು? ಅವರನ್ನು ಯಾರೂ ಎಣಿಸಿಲ್ಲ.

2025ರಲ್ಲಿ ವಿಧಾನಮಂಡಲ ಹೊಸ ಮಸೂದೆ ಒಪ್ಪಿತು; ಮಕ್ಕಳು ತಮ್ಮ ತಂದೆಯನ್ನು ಗುರುತಿಸಿಕೊಳ್ಳುವ ದಾರಿ ಅದರಲ್ಲಿದೆ. ಅಂದರೆ ‘ಆತ ಅವಳ ಅಪ್ಪ’ ಎಂಬ, ಚಿತ್ರದಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಆಡದ ಮಾತನ್ನು ಮಗಳೇ ಕಚೇರಿಗೆ ಹೋಗಿ ಆಡಬಹುದು. ಈ ಚಿತ್ರವನ್ನು ಶಾಲೆಯ ಹುಡುಗರಿಗೆ, ಸಂಘಟನೆಯ ಗೆಳೆಯರಿಗೆ ತೋರಿಸುವವರು ತೋರಿಸಲಿ, ನಾನೂ ಬಂದು ಕೂಡ್ರತೀನಿ. ಚಿತ್ರ ಮುಗಿದ ಮೇಲೆ ಮಾತ್ರ ದೀಪ ಹಚ್ಚಿ, ಬಾಗಿಲು ತಗೀದೆ, ಆ ಮುದುಕಿಯನ್ನು ಮುಂದೆ ಕರೆದು ಕೂಡ್ರಿಸ್ರಿ. ಮೊದಲು ಆಕೀನೇ ಮಾತಾಡ್ಲಿ.